ದೈವದ ಮುಂದೆ ನಾನು ಇಡಿಸಿದ ಕಾಯಿ

ಗಿರಿಜಕ್ಕ, ಪುತ್ತೂರಿನ ಲೇಬರ್ ಆಫೀಸಿನಲ್ಲಿ ಏನೂ ಆಗುವುದಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ನಿಮ್ಮ ಕೈಯಲ್ಲಿ ದೈವದ ಮುಂದೆ ಕಾಯಿ ಇಡಿಸಿದ್ದು ಭಕ್ತಿಯಿಂದಲ್ಲ — ನಿಮ್ಮ ಬಾಯಿ ಮುಚ್ಚಿಸಲಿಕ್ಕೆ.

ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ. ನಿಮ್ಮ ಮಗಳು ಓದಿ ಹೇಳಲಿ. ಅವಳಿಗೂ ಗೊತ್ತಾಗಲಿ.

ಧನಿಯ ಗೇರುಬೀಜದ ಫ್ಯಾಕ್ಟರಿಯಲ್ಲಿ ಆಗ ನಾನು ಸೂಪರ್‌ವೈಸರ್. ನೀವು ಬೀಜ ಒಡೆಯುವ ಸಾಲಿನವರು — ಸೊನೆ ಹತ್ತಿ ಬೆರಳ ತುದಿಯೆಲ್ಲ ಕಪ್ಪಾದವರು. ತಿಂಗಳುಗಟ್ಟಲೆ ಸಂಬಳ ಬಾಕಿ ಇಟ್ಟು ಧನಿ ಗೇಟಿಗೆ ಬೀಗ ಹಾಕಿದಾಗ ನೀವೆಲ್ಲ ಸೇರಿ ನನ್ನನ್ನೇ ಆಫೀಸಿಗೆ ಕಳಿಸಿದಿರಿ. ಮೀಸೆ ಬಂದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನಲ್ಲವೇ ನಾನು. "ಕಾನೂನಿನ ಮಾತು ನಮಗೆ ತಲೆಗೆ ಹೋಗುದಿಲ್ಲ ತಮ್ಮಾ. ನೀನು ಕಲಿತವ, ನೀನೇ ಹೋಗು" ಎಂದಿರಿ. ಬಸ್ಸಿನ ಖರ್ಚೂ ನಿಮ್ಮದೇ.

ಅಲ್ಲಿನ ಅಧಿಕಾರಿ ಕೂರಿಸಿ ಬಿಡಿಸಿ ಹೇಳಿದರು. ದೂರು ಬರೆದು ಕೊಟ್ಟರೆ ಮಾಲೀಕನನ್ನು ಕರೆಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಸಂಬಳ ವಸೂಲಿಗೆ ಅರ್ಜಿ ಹಾಕಬಹುದು. ಸಂಬಳದ ಚೀಟಿ ಇಲ್ಲದಿದ್ದರೆ ಜೊತೆಗೆ ದುಡಿದವರು ಸಾಕ್ಷಿ ಹೇಳಬಹುದು. ಹೆಂಗಸರಿಗೆ ಕೋರ್ಟಿನ ಕಾನೂನು ಸೇವಾ ಸಮಿತಿಯಿಂದ ವಕೀಲರೂ ಪುಕ್ಕಟೆ. "ವರ್ಷದೊಳಗೆ ಬನ್ನಿ. ತಡವಾದರೆ ತಡಕ್ಕೆ ಸರಿಯಾದ ಕಾರಣ ತೋರಿಸಬೇಕಾಗ್ತದೆ" ಎಂದರು.

ಇದಿಷ್ಟನ್ನೂ ನಾನು ಹೇಳಿದ್ದು ನಿಮಗಲ್ಲ — ಧನಿಗೆ.

"ನಿನ್ನ ಬಾಕಿ ನಾಳೆಯೇ ಕೊಡ್ತೇನೆ. ಸುಳ್ಯದ ಗೋದಾಮಿನಲ್ಲಿ ಕೆಲಸವೂ ಉಂಟು. ಆ ಹೆಂಗಸರನ್ನು ಒಂದು ವರ್ಷ ಸುಮ್ಮನೆ ಕೂರಿಸು" ಎಂದರು ಧನಿ. ಹೇಗೆ ಎಂದು ಅವರು ಹೇಳಲಿಲ್ಲ. ಆ ಉಪಾಯ ನನ್ನದೇ.

ಕಾಯಿ ಇಟ್ಟು ದೈವಕ್ಕೆ ದೂರು ಹೇಳಿದ ಮೇಲೆ ಕೋರ್ಟು ಕಚೇರಿ ಹತ್ತಬಾರದು ಎಂದು ನಮ್ಮಲ್ಲಿ ಎಷ್ಟು ಜನ ನಂಬುತ್ತಾರೆ! ಅದನ್ನೇ ಹಿಡಿದುಕೊಂಡೆ. "ಆಫೀಸಲ್ಲಿ ಎಂತದೂ ಆಗುದಿಲ್ಲ ಅಕ್ಕ. ದೈವಕ್ಕೆ ಬಿಡುವ" ಎಂದೆ. ಕಾಯಿ ಸುಲಿದು ನಿಮ್ಮ ಕೈಗೆ ಕೊಟ್ಟೆ. ನೀವು ಕಣ್ಣು ಮುಚ್ಚಿ ಬೇಡಿಕೊಳ್ಳುವಾಗ ಪಕ್ಕದಲ್ಲಿ ನಿಂತು ನಾನೂ ಕೈ ಮುಗಿದೆ. ಈಗ ಅದೇ ಕೈಯಲ್ಲಿ ಅನ್ನ ಕಲಸುವಾಗ ಹೇಸಿಗೆಯಾಗುತ್ತದೆ.

ಇದನ್ನು ಹೇಳಿದಾಗ ಧನಿ ಹೊಟ್ಟೆ ಹಿಡಿದು ನಕ್ಕಿದ್ದರು. "ನಿನ್ನ ತಲೆಯೇ ತಲೆ ಮಾರಾಯ! ದೈವ ನೋಟಿಸು ಕಳಿಸುದಿಲ್ಲವಲ್ಲ!"

ನಾನೂ ನಕ್ಕೆ ಗಿರಿಜಕ್ಕ. ಆ ನಗು —

ಮುಂದೆ ನಾನು ಏನೂ ಮಾಡಬೇಕಾಗಲಿಲ್ಲ. ಉಳಿದವರು ಆಫೀಸಿಗೆ ಹೋಗುವ ಎಂದಾಗ ತಡೆದದ್ದು ನೀವೇ. "ಕಾಯಿ ಇಟ್ಟಾಗಿದೆ. ಇನ್ನು ಕಚೇರಿಗೆ ಹೋದ್ರೆ ದೈವವನ್ನು ನಂಬ್ಲಿಲ್ಲ ಅಂತ ಆಗುದಿಲ್ವಾ?" ವರ್ಷ ದಾಟಿತು. ನಾನು ಗೋದಾಮಿನ ಕುರ್ಚಿಯಲ್ಲಿ ಕೂತೆ.

ಮೊನ್ನೆ ಸುಳ್ಯದ ಬಸ್ ಸ್ಟ್ಯಾಂಡಿನಲ್ಲಿ ನೀವು ಕಲ್ಲುಗುಂಡಿಗೆ, ಮಗಳ ಮನೆಗೆ, ಬಸ್ಸು ಕಾಯುತ್ತಿದ್ದಿರಿ. ಬೈಯುತ್ತೀರಿ ಎಂದುಕೊಂಡೆ. ಬೈದಿದ್ದರೆ ಬದುಕುತ್ತಿದ್ದೆ. ನೀವು "ಎಂತ ತಮ್ಮಾ, ಬಡಕಲಾಗಿದ್ದಿ? ಗೋದಾಮಿನ ಹೆಗ್ಗಣ ನಿನ್ನ ಊಟವನ್ನೂ ತಿಂತದಾ?" ಎಂದು ನಕ್ಕಿರಿ. ಮತ್ತೆ ಸ್ವರ ತಗ್ಗಿಸಿ ಹೇಳಿದಿರಿ — "ಅವತ್ತು ಕಾಯಿ ಇಡುವಾಗ ನನ್ನಿಂದಲೇ ಎಂತದೋ ಅಶುದ್ಧ ಆಗಿರ್ಬೇಕು. ಇಲ್ಲದಿದ್ರೆ ದೈವ ಹೀಗೆ ಸುಮ್ಮನೆ ಕೂರ್ತಿತ್ತಾ?"

ಸಂಬಳ ತಿಂದವರು ಧನಿ. ನಿಮ್ಮ ಮೇಲೆ ನಿಮಗಿದ್ದ ನಂಬಿಕೆಯನ್ನೂ ತಿಂದವನು ನಾನು.

ಅಶುದ್ಧ ನಿಮ್ಮಿಂದ ಆಗಲಿಲ್ಲ ಅಕ್ಕ. ಪಕ್ಕದಲ್ಲಿ ನಿಂತಿತ್ತು, ಕೈ ಮುಗಿದುಕೊಂಡು.

ದೈವಕ್ಕೆ ತಪ್ಪುಕಾಣಿಕೆ ನಾನು ಹಾಕುತ್ತೇನೆ, ನೀವು ಹಾಕಬೇಡಿ. ಕ್ಷಮಿಸಲೂ ಬೇಡಿ. ಸೋಮವಾರ ಆಫೀಸಿಗೆ ಬನ್ನಿ, ಉಳಿದವರನ್ನೂ ಕರೆತನ್ನಿ. ಅರ್ಜಿ ತೆಗೆದುಕೊಳ್ಳುತ್ತಾರೋ ಇಲ್ಲವೋ — ಭರವಸೆ ಕೊಡುವ ಯೋಗ್ಯತೆ ನನಗಿಲ್ಲ. ಗೋದಾಮಿನ ಬೀಗದ ಕೈ ಧನಿಗೆ ಕೊಟ್ಟು ಬಂದಿದ್ದೇನೆ. ನಾನು ಆಫೀಸಿನ ಬಾಗಿಲಲ್ಲಿ ನಿಂತಿರುತ್ತೇನೆ. ಇಷ್ಟು ತಡ ಯಾಕಾಯಿತು ಎಂದು ಅಧಿಕಾರಿ ಕೇಳುತ್ತಾರೆ. ನೀವು ತಲೆ ತಗ್ಗಿಸಬೇಡಿ.

ನನ್ನ ಕಡೆ ಬೆರಳು ತೋರಿಸಿ.