ಗೌರಿಯ ಮೂಗುಬೊಟ್ಟು

ಹಸಿ ಅರಿಶಿನದ ವಾಸನೆ ಬಂದರೆ ನನಗೆ ನೆನಪಾಗುವುದು ದೇವರಲ್ಲ, ಕೃಷ್ಣರಾಜನಗರದ ನಮ್ಮ ಹಳೆಯ ಮನೆ. ಗೌರಿ ಹಬ್ಬದ ಬೆಳಿಗ್ಗೆ ಅಜ್ಜಿ ಅರಿಶಿನ ಕಲೆಸಿ, ಗೇಣುದ್ದದ ಗೌರಿ ಮಾಡಿ, ತನ್ನ ಕೆಂಪು ಹರಳಿನ ಮೂಗುಬೊಟ್ಟನ್ನು ಬಿಚ್ಚಿ ಅದರ ಮೂಗಿಗೆ ಒತ್ತುತ್ತಿದ್ದಳು. ಒಳಗೆ ದೊಡ್ಡಮ್ಮ ಒಬ್ಬಟ್ಟು ತಟ್ಟುತ್ತಿದ್ದರು. ದೊಡ್ಡಪ್ಪ ತೀರಿಕೊಂಡ ಮೇಲೆ ಅವರು ಗೌರಿಯ ಹತ್ತಿರ ಸುಳಿಯುವಂತಿರಲಿಲ್ಲ. ಒಬ್ಬಟ್ಟನ್ನು ಮಾತ್ರ ಅವರೇ ಮಾಡಬೇಕು, ಅದಕ್ಕೆ ಗೌರಿಯ ಅಡ್ಡಿಯೇನಿಲ್ಲ. ನನ್ನನ್ನು ಬೆಳೆಸಿದವರು ಅವರೇ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಲೈಬ್ರರಿಯಿಂದ ತಂದ ಪತ್ತೇದಾರಿ ಕಾದಂಬರಿ ಹಿಡಿದು ನನಗೆ ಓದಿ ಹೇಳುವರು. ಅರ್ಧ ಪುಸ್ತಕಕ್ಕೇ ಕಳ್ಳನನ್ನು ಹಿಡಿದುಬಿಡುವರು.

ನನಗೆ ಹತ್ತು ವರ್ಷವಾಗಿದ್ದಾಗ ಕಳ್ಳತನ ನಮ್ಮ ಮನೆಗೇ ಬಂತು. ಸಂಜೆ ಹೆಂಗಸರೆಲ್ಲ ಬೀದಿಯ ಮನೆಗಳಿಗೆ ಮೊರದ ಬಾಗಿನ ಕೊಟ್ಟು ಬಂದು ನೋಡಿದರೆ ಗೌರಿಯ ಮೂಗು ಬೋಳು. “ಮನೇಲಿದ್ದೋಳು ನೀನೊಬ್ಬಳೇ ಅಲ್ವಾ?” ಅಂದಳು ಅಜ್ಜಿ. ದೊಡ್ಡಮ್ಮ ತಮ್ಮ ಟ್ರಂಕು ತಂದು ನಡುಮನೆಯಲ್ಲಿ ಸುರಿದರು: ನಾಲ್ಕು ಸೀರೆ, ದೊಡ್ಡಪ್ಪನ ವಾಚು, ವಾಪಸು ಕೊಡಬೇಕಿದ್ದ ಒಂದು ಕಾದಂಬರಿ. ಅಜ್ಜಿ ನಾಚಿಕೆಯಿಲ್ಲದೆ ಒಂದೊಂದೇ ಸೀರೆ ಕೊಡವಿ ನೋಡಿದಳು. ಅಪ್ಪ ಮೊಬೈಲಿನಿಂದ ತಲೆ ಎತ್ತಲಿಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಇಪ್ಪತ್ತು ವರ್ಷ ಒಲೆ ಮುಂದೆ ಬೆಂದ ಸೊಸೆಗಿಂತಲೂ ಭಾರವಾಯಿತು. ವಾರದೊಳಗೆ ಅವರ ತಮ್ಮ ಬಂದು ಎಚ್.ಡಿ. ಕೋಟೆಗೆ ಕರೆದುಕೊಂಡು ಹೋದರು. ಯಾರೂ ಇರು ಅನ್ನಲಿಲ್ಲ. ಭಾನುವಾರಗಳಲ್ಲಿ ನಾನು ಅಮ್ಮನ ಫೋನಿನಿಂದ ಮಾತಾಡುತ್ತಿದ್ದೆ. ಊಟ, ಸ್ಕೂಲು ಎಲ್ಲ ವಿಚಾರಿಸಿ ಕೊನೆಗೆ ಅವರು “ಸಿಕ್ತೇನವ್ವ?” ಅನ್ನುವರು. ಇಲ್ಲ ಅನ್ನುತ್ತಿದ್ದೆ.

ನಮ್ಮಲ್ಲಿ ಅರಿಶಿನದ ಗೌರಿಯನ್ನು ನೀರಿಗೆ ಬಿಡುವುದಿಲ್ಲ. ಡಬ್ಬಿಯಲ್ಲಿಟ್ಟು ಶುಕ್ರವಾರಕ್ಕೊಂದು ಚೂರು ಬುಡದಿಂದ ಕೆರೆದು ಮುತ್ತೈದೆಯರು ತಾಳಿಗೆ, ಕೆನ್ನೆಗೆ ಹಚ್ಚಿಕೊಳ್ಳುತ್ತಾರೆ. ಮುಖವನ್ನು ಮುಟ್ಟುವುದು ಕಟ್ಟಕಡೆಗೆ. ಸಂಕ್ರಾಂತಿಯ ವಾರ ಆ ಮುಖ ಅಜ್ಜಿಯ ಅಂಗೈಯಲ್ಲಿ ಕರಗಿದಾಗ ಒಳಗಿಂದ ಕೆಂಪು ಹರಳು ಹೊರಬಂತು. ಗೌರಿ ಹಬ್ಬದ ಸಂಜೆ, ಬಾಗಿನಕ್ಕೆ ಹೊರಡುವ ಮುಂಚೆ, ಒಣಗಿ ಬಿರುಕುಬಿಟ್ಟಿದ್ದ ಗೌರಿಯ ಮುಖಕ್ಕೆ ಅಜ್ಜಿಯೇ ಇನ್ನೊಂದು ಪದರ ಅರಿಶಿನ ಮೆತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು, ಬೊಟ್ಟು ಒಳಗೆ ಹೂತುಹೋದದ್ದು ತಿಳಿದಿರಲಿಲ್ಲ. ಈಗ ಹರಳು ಹೊರಬಂದಾಗ ನೀರಿನ ಚೊಂಬು ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. “ಯಾರ್ಗೂ ಏಳ್ಬ್ಯಾಡ ಕಣವ್ವ, ಈ ವಯಸ್ಸಲ್ಲಿ ನನ್ ಮರ್ವಾದೆ ಓಯ್ತದೆ,” ಅಂದಳು ಅಜ್ಜಿ. ಆಮೇಲೆ ಹೊಸದು ಮಾಡಿಸಿದೆ ಎಂದು ಅದನ್ನೇ ಹಾಕಿಕೊಂಡು ಓಡಾಡಿದಳು. ಮುಂದಿನ ಭಾನುವಾರ ನಾನು ಫೋನ್ ಮಾಡಲಿಲ್ಲ. ಅದರ ಮುಂದಿನ ವಾರವೂ ಮಾಡಲಿಲ್ಲ.

ಅಜ್ಜಿ ಸತ್ತ ಮೇಲೆ, ನಾನು ಕೆಲಸಕ್ಕೆ ಸೇರಿದ ಮೇಲೆ, ಎಚ್.ಡಿ. ಕೋಟೆಗೆ ಹೋಗಿ ದೊಡ್ಡಮ್ಮನ ಮುಂದೆ ಅತ್ತುಕೊಂಡು ಎಲ್ಲ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. “ಗೊತ್ತಿತ್ತು ಬುಡವ್ವ. ಸಂಕ್ರಾಂತಿ ಆದ್ಮೇಲೆ ನೀನು ಫೋನ್ ಮಾಡೋದ ನಿಲ್ಲಿಸ್ಬುಟ್ಟಲ್ಲ, ಆಗ್ಲೇ ಸಿಕ್ಕಿರ್ಬೇಕು ಅಂದ್ಕಂಡೆ.” ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ ಮಾತ್ರ ಕೈ ಹಿಡಿದುಕೊಂಡು, “ನಮ್ಮೋರ್ಗೆಲ್ಲ ಒಂದ್ಮಾತು ಏಳ್ಬುಡು, ನಾನು ಕದ್ದಿಲ್ಲ ಅಂತ. ಅಷ್ಟೇ ಸಾಕು ನಂಗೆ,” ಅಂದರು. ಹೇಳುತ್ತೇನೆ ಅಂದೆ.

ಮರುವರ್ಷ ಅವರೂ ತೀರಿಕೊಂಡರು. ತಿಥಿಯ ಊಟಕ್ಕೆ ನಮ್ಮ ಕಡೆಯವರೆಲ್ಲ ಬಂದಿದ್ದರು. ಎದುರು ಪಂಕ್ತಿಯಲ್ಲಿದ್ದ ಅಪ್ಪನ ಸೋದರತ್ತೆ, “ಒಳ್ಳೇಳು ಕಣ, ಆ ಮೂಗುಬೊಟ್ಟಿನ ವಿಷ್ಯ ಒಂದ್ ಬುಟ್ರೆ,” ಅಂದರು. ಪಕ್ಕದಲ್ಲಿ ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಊಟದ ನಡುವೆ ಅಪ್ಪನ ಮುಂದೆ ಅಜ್ಜಿಯ ಹೆಸರು ಯಾಕೆ ಕೆಡಿಸುವುದು ಅನ್ನಿಸಿತು. ಅಲ್ಲಿಯೂ ನಾನು ಬಾಯಿ ಬಿಡಲಿಲ್ಲ.