ಅಪ್ಪ ಮೆಚ್ಚಿದ ಸೆನೆಟರ್

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ, ಬ್ರೂಮ್‌ಹಿಲ್ ಬಡಾವಣೆಯಲ್ಲಿ ಬಾಡಿಗೆ ಕೋಣೆ ಹಿಡಿದು ನಾನು ಎಂ.ಎ. ಪ್ರಬಂಧ ಬರೆದದ್ದು ಅಮೆರಿಕದ ದಕ್ಷಿಣದ ರಾಜ್ಯವೊಂದರ ಸೆನೆಟರ್ ಬಗ್ಗೆ. ಸಣ್ಣ ಊರಿನ ವಕೀಲನಾಗಿ ಶುರುಮಾಡಿ, ಚುನಾವಣೆಯ ಮೇಲೆ ಚುನಾವಣೆ ಗೆದ್ದು, ಸದನದಲ್ಲೇ ತಲೆ ನರೆಸಿಕೊಂಡ ಕನ್ಸರ್ವೇಟಿವ್ ಆತ. ತೆರಿಗೆ ಬೇಡ, ಬಂದೂಕಿಗೆ ಕಡಿವಾಣ ಬೇಡ, ವಲಸಿಗರು ಬೇಡ, ಮದುವೆ ಮನೆತನದ ವಿಷಯದಲ್ಲಿ ಹೊಸ ಗಾಳಿಯಂತೂ ಬೇಡವೇ ಬೇಡ. ವೀಸಾದ ಮೇಲೆ ಬದುಕುತ್ತಿದ್ದ ನನಗೆ ಅವನನ್ನು ಕಂಡರೆ ಮೈ ಉರಿಯುತ್ತಿತ್ತು. ಮೊದಲ ಅಧ್ಯಾಯದ ತುಂಬ ಅವನನ್ನು ಝಾಡಿಸಿದ್ದೆ. ಗೈಡ್ ಅದನ್ನು ಓದಿ, ಇಷ್ಟು ಕೆಟ್ಟವನಿಗೆ ಜನ ಮತ್ತೆ ಮತ್ತೆ ಓಟು ಹಾಕಿದ್ದೇಕೆ ಎಂದು ಕೇಳಿ ವಾಪಸ್ ಕೊಟ್ಟರು.

ಆ ಪ್ರಶ್ನೆ ಹಿಡಿದು ಅಪ್ಪನ ಹತ್ತಿರ ಹೋದೆ. ಅಪ್ಪ ಹಾಸನದ ಕಡೆಯ ಒಂದು ಪುರಸಭೆಯಲ್ಲಿ ಬಹಳ ವರ್ಷ ಸದಸ್ಯರಾಗಿದ್ದವರು, ಅವರದೂ ಬೇಡ ಎನ್ನುವ ಪಂಗಡವೇ. ಭಾನುವಾರದ ವಿಡಿಯೋ ಕಾಲ್‌ನಲ್ಲಿ ಸೆನೆಟರನ ಜಾತಕವನ್ನೆಲ್ಲ ಒಪ್ಪಿಸಿದೆ. ಅಪ್ಪ ಕೇಳಿದ್ದು ಒಂದೇ: ಬೆಳಿಗ್ಗೆ ಅವನ ಮನೆ ಬಾಗಿಲಿಗೆ ಯಾರು, ಏನು ಕೇಳಿಕೊಂಡು ಬರುತ್ತಾರೆ?

ಹುಡುಕಿದೆ. ಸರ್ಕಾರದ ಖರ್ಚನ್ನು ಜನ್ಮದಲ್ಲಿ ಒಪ್ಪದ ಮನುಷ್ಯ ತನ್ನ ರಾಜ್ಯದ ರೈತರ ಸಹಾಯಧನಕ್ಕೆ ಎಲ್ಲರಿಗಿಂತ ಮುಂದೆ ನಿಂತಿದ್ದ. ವಲಸೆಯ ವಿರುದ್ಧ ಗುಡುಗಿದವನ ಕಚೇರಿಯಿಂದಲೇ ಊರಿನ ಆಸ್ಪತ್ರೆಯ ವಿದೇಶಿ ಡಾಕ್ಟರೊಬ್ಬರ ವೀಸಾಕ್ಕೆ ಪತ್ರ ಹೋಗಿತ್ತು. ಇದನ್ನು ಕೇಳಿ ಅಪ್ಪನಿಗೆ ಖುಷಿಯೋ ಖುಷಿ. ಒಳಚರಂಡಿ ಯೋಜನೆಗೆ ಸಭೆಯಲ್ಲಿ ವಿರೋಧ ಬರೆಸಿ, ಮರುದಿನವೇ ಪೈಪು ತಮ್ಮ ವಾರ್ಡಿಗೆ ಮೊದಲು ಬರಲಿ ಎಂದು ಇಂಜಿನಿಯರ್ ಬೆನ್ನು ಹತ್ತಿದ ಕತೆಯನ್ನು ಒಂಚೂರೂ ನಾಚಿಕೆಯಿಲ್ಲದೆ ಹೇಳಿಕೊಂಡರು. ಅಲ್ಲಿಂದಾಚೆ ಪ್ರತಿ ವಾರ ನನ್ನ ಊಟ ತಿಂಡಿಗಿಂತ ಮೊದಲು ಸೆನೆಟರನ ಯೋಗಕ್ಷೇಮ ವಿಚಾರಿಸತೊಡಗಿದರು. ನನಗೂ ಅವನ ಮೇಲಿನ ಸಿಟ್ಟು ಇಳಿಯುತ್ತ ಬಂತು.

ನಾನು ಅಪ್ಪನಿಗೆ ಹೇಳದ ಒಬ್ಬ ಆ ಕೋಣೆಯಲ್ಲಿದ್ದ. ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರ್, ಮಂಗಳೂರಿನ ಕ್ರಿಶ್ಚಿಯನ್ ಹುಡುಗ. ಡ್ಯೂಟಿ ಪಟ್ಟಿಯಲ್ಲಿ ಭಾನುವಾರ ಬಿಡುವು ಸಿಕ್ಕರೆ ಕ್ಯಾಮೆರಾಗೆ ಸಿಗದಂತೆ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ನಾವು ಮದುವೆಯಾಗಬೇಕೆಂದಿದ್ದೆವು. ಚಿಕ್ಕಪ್ಪನ ಮಗಳು ಬೇರೆ ಜಾತಿಯವನನ್ನು ಮದುವೆಯಾದಾಗ ಅಪ್ಪ ಛತ್ರದ ಕಡೆ ತಲೆ ಹಾಕಿರಲಿಲ್ಲ, ಆಮೇಲೆ ಅವಳ ಜೊತೆ ಮಾತೂ ಬಿಟ್ಟಿದ್ದರು. ನನ್ನ ಜೊತೆಗೂ ಮಾತು ಬಿಟ್ಟುಬಿಟ್ಟರೆ ಎಂಬ ಹೆದರಿಕೆಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ ನಾನು.

ಪ್ರಬಂಧ ಮುಗಿದ ವಾರ, ನೇರವಾಗಿ ಹೇಳುವ ಧೈರ್ಯ ಸಾಲದೆ, ಸೆನೆಟರನನ್ನೇ ಮುಂದೆ ಬಿಟ್ಟೆ. ಅವನ ಮಗಳು ಬೇರೆ ಧರ್ಮದ ಹುಡುಗನನ್ನು ಮದುವೆಯಾಗುತ್ತೇನೆ ಎಂದರೆ ಏನು ಮಾಡುತ್ತಾನೆ ಎಂದು ಕೇಳಿದೆ. ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಒರೆಸಿಯೇ ಒರೆಸಿದರು.

“ಬೇಡ ಅಂತಾನೆ. ಅಷ್ಟು ವರ್ಷ ಭಾಷಣ ಬಿಗಿದೋನು ಇನ್ನೇನಂತಾನೆ?”

ನನಗೆ ಅಳು ಬಂದುಬಿಟ್ಟಿತು. ಅಪ್ಪ ಕನ್ನಡಕ ಹಾಕಿಕೊಂಡರು.

“ಹುಡುಗ ಯಾವ ಊರೋನು?”

ಇನ್ನೂ ಸೆನೆಟರನ ಹಿಂದೆ ಅಡಗಬಹುದಿತ್ತು, ಮನಸ್ಸಾಗಲಿಲ್ಲ. ಮಂಗಳೂರು ಎಂದೆ.

“ನಾನು ಒಪ್ಪಿದೀನಿ ಅಂತ ತಿಳ್ಕೋಬೇಡ,” ಎಂದರು ಅಪ್ಪ. “ಅವನನ್ನ ಈಚೆ ಕರಿಯಮ್ಮ. ನಿನ್ನ ಹಿಂದಿರೋ ಬೀರು ಕನ್ನಡೀಲಿ ಪ್ರತಿ ವಾರ ಕಾಣ್ತಾನೆ. ಇನ್ನೆಷ್ಟು ದಿನ ಅಂತ ಮೂಲೇಲಿ ಕೂರ್ತಾನೆ, ಪಾಪ.”