ಕಾಜದಕ್ಕ ಕೊಟ್ಟ ಬದಲಿ

ಶರ್ಟು ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳ ಹೆಸರು ಯಾರಿಗೂ ನೆನಪಿರಲಿಲ್ಲ. ಗುಂಡಿ ತೂರುವ ತೂತಿಗೆ ಕಾಜ ಹಾಕುವ ಯಂತ್ರದ ಮುಂದೆ ಕೂತೇ ತಲೆ ನರೆಸಿಕೊಂಡವಳು, ಎಲ್ಲರಿಗೂ ಕಾಜದಕ್ಕ. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಕೊಯ್ದು ತೆಗೆಯಬೇಕು ಎಂದು ಡಾಕ್ಟರು ದಿನ ಗೊತ್ತುಮಾಡಿದಾಗ ಅವಳಿಗೆ ಗಡ್ಡೆಗಿಂತ ಯಂತ್ರದ ಚಿಂತೆಯೇ ದೊಡ್ಡದಾಯಿತು. ಬಿಟ್ಟೆದ್ದ ಜಾಗ ತಿರುಗಿ ಬಂದಾಗ ತನ್ನದಾಗಿರುತ್ತದೆಯೇ?

ಅಲ್ಲಿಯ ನ್ಯಾಯವೇ ಬೇರೆ. ಬಟ್ಟೆ ಕತ್ತರಿಸುವವನು ಕುಡಿದು ಮೆಟ್ಟಿಲಿನಿಂದ ಉರುಳಿ ಕಾಲು ಮುರಿದುಕೊಂಡಾಗ ಅವನಿಗೆ ಕಾಯಿಲೆ ರಜೆ ಸಿಕ್ಕಿತ್ತು. ಮ್ಯಾನೇಜರು ಹಣ್ಣು ಹಿಡಿದು ನೋಡಿಬಂದಿದ್ದ. ಕಾಜದಕ್ಕ ಮರ್ಯಾದಸ್ಥೆ, ಮುಂಚಿತವಾಗಿಯೇ ಹೇಳಲು ಹೋದಳು.

"ದಿನ ನೋಡ್ಕೊಂಡು ಬರೋದು ಮದುವೆ ಕಣಮ್ಮ, ಕಾಯಿಲೆ ಅಲ್ಲ," ಅಂದ ಮ್ಯಾನೇಜರು.

"ಹಾಗಾದ್ರೆ ಇಲ್ಲೇ ಬಿದ್ದು ಒದ್ದಾಡ್ಲಾ ಸಾರ್? ಆಗ ಕಾಯಿಲೆ ಅಂತೀರಾ?"

"ನಿನ್ನ ಬಾಯಿಗಂತೂ ಯಾವ ಆಪರೇಷನ್ನೂ ಬೇಡ. ಹೋಗೋದಾದ್ರೆ ಬದಲಿ ಕೊಟ್ಟು ಹೋಗು. ನೀನೇ ಕಲಿಸ್ಬೇಕು. ಒಂದು ಕಾಜ ಕೆಟ್ರೂ ನಿನ್ನ ತಲೆ ಮೇಲೆ."

ಅದು ಅಲ್ಲಿಯ ಹಳೆಯ ಪದ್ಧತಿ. ಹೇಳದೆ ಕಾಯಿಲೆ ಬಿದ್ದವರಿಗೆ ಬದಲಿಯನ್ನು ಕಾರ್ಖಾನೆ ಹುಡುಕುತ್ತಿತ್ತು. ಹೇಳಿ ಹೋಗುವವರು ತಾವೇ ಆಳು ತಂದು, ಪಳಗಿಸಿ ಒಪ್ಪಿಸಬೇಕಿತ್ತು. ಹೊರಗಿನವರನ್ನು ಕೂರಿಸಿದರೆ ಮೇಲೇಳುವುದಿಲ್ಲವೆಂದು ಕಾಜದಕ್ಕ ಮೈದುನನ ಹೆಂಡತಿಯನ್ನೇ ಕರೆತಂದಳು. ಒಂದೇ ಒಲೆಯ ಅನ್ನ ಉಣ್ಣುವ ಓರಗಿತ್ತಿ. ಅವಳು ಎರಡು ಬಗೆದಾಳೆಯೇ?

ಗುಂಡಿ ಹಚ್ಚುವ ಮುದುಕಿ ಕಿವಿಯಲ್ಲಿ ಉಸುರಿದಳು: "ಲೇ, ಎಲ್ಲಾ ಹೇಳ್ಕೊಡಬೇಡ ಕಣೇ. ಬೆಕ್ಕು ಹುಲಿಗೆ ಎಲ್ಲಾ ಕಲಿಸ್ತಂತೆ, ಮರ ಹತ್ತೋದೊಂದು ಬಿಟ್ಟು."

"ನನ್ನ ಓರಗಿತ್ತಿ ಎಲ್ಲಿ ಹುಲಿ ಅಜ್ಜಿ? ಇಲಿ ಕಂಡ್ರೆ ಮಂಚ ಹತ್ತೋಳು!"

ಶರ್ಟಿನ ದಪ್ಪ ಗುಂಡಿಪಟ್ಟಿ ಬಂದಾಗ ಆ ಯಂತ್ರ ಹಠ ಹಿಡಿದು ದಾರ ಕಡಿಯುತ್ತಿತ್ತು. ಆಗ ಬಟ್ಟೆಯನ್ನು ಎಳೆಯದೆ, ಅಂಗೈ ಮೇಲಿಟ್ಟು ಅದರ ಪಾಡಿಗೆ ಸರಿಯಲು ಬಿಡುವ ಒಂದು ಹದವಿತ್ತು. ಅದನ್ನೂ ಕೊನೆಯ ದಿನ ಧಾರೆಯೆರೆದಳು. ಕೆಟ್ಟರೆ ತಲೆ ಮೇಲೆ ಬರುವುದೆಂಬ ಭಯ ಅರ್ಧ. ತನ್ನ ಕೈಯಲ್ಲಿ ಕಲಿತವಳೆಂದು ನಾಲ್ಕು ಜನ ಅನ್ನಲಿ ಎಂಬ ಹಮ್ಮು ಅರ್ಧ.

ಆಪರೇಷನ್ನು ಹೂ ಎತ್ತಿದಂತೆ ಮುಗಿಯಿತು. ಮನೆಗೆ ಬಂದ ಮೇಲೆ ಓರಗಿತ್ತಿ ಬಿಸಿನೀರಲ್ಲಿ ಮೈ ಒರೆಸಿದಳು, ತಲೆ ಬಾಚಿದಳು. ಕೆಲಸದ ಮಾತೆತ್ತಿದರೆ ಮಾತ್ರ, "ಅದೆಲ್ಲ ಈಗ್ಯಾಕಕ್ಕ, ಮಲ್ಕೋ," ಎಂದು ಹೊದಿಕೆ ಎಳೆಯುತ್ತಿದ್ದಳು.

ಗಾಯ ಒಣಗಿ ಕಾರ್ಖಾನೆಗೆ ಹೋದಾಗ ಮ್ಯಾನೇಜರು ನಗುನಗುತ್ತ ಬಂದ.

"ಹೊಟ್ಟೆ ಕೊಯ್ಸ್ಕೊಂಡೋರು ಯಂತ್ರ ತುಳೀಬಾರ್ದಮ್ಮ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ದಾರ ಕತ್ತರಿಸೋ ಮೇಜಿಗೆ ಹೋಗು."

"ನನ್ನ ಕೆಲಸ ಮಾಡಬಹುದು ಅಂತ ಡಾಕ್ಟರೇ ಅಂದಿದಾರೆ ಸಾರ್. ಅವಳು ಬರೀ ಬದಲಿ."

"ಬದಲಿ ಅಂತ ಗೊತ್ತೇ ಆಗಲ್ವಲ್ಲಮ್ಮ, ಹಾಗೆ ಕಲಿಸಿದೀಯ!"

ಹೊಸಬಳಿಗೆ ಹೊಸಬಳ ಸಂಬಳ ಸಾಕಲ್ಲ. ಒಳ್ಳೆಯದು ಯಾರಿಗೆಂದು ಕಾಜದಕ್ಕನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಯಂತ್ರದ ಕಡೆ ನೋಡಿದಳು. ಓರಗಿತ್ತಿ ತಲೆ ಎತ್ತಲಿಲ್ಲ. ಕಾಜದಕ್ಕ ಹಳೆಯ ಸೀರೆ ಮಡಚಿ ಹೊಲಿದಿದ್ದ ದಿಂಬಿನ ಮೇಲೇ ಅವಳು ಕೂತಿದ್ದಳು.

ದಾರದ ಮೇಜು ಹೊಸದಾಗಿ ಸೇರಿದವರ ಜಾಗ. ಕಾಜದಕ್ಕ ಕತ್ತರಿ ಹಿಡಿದು ಅವರ ನಡುವೆ ಕೂತಳು. ಓರಗಿತ್ತಿ ಹಾಕಿದ ಕಾಜಗಳೇ ಕಂತೆ ಕಂತೆಯಾಗಿ ಬಂದು ಬಿದ್ದವು. ಒಂದಾದರೂ ಹರಿದಿರಲಿ, ಒಂದಾದರೂ ಸೊಟ್ಟಗಿರಲಿ ಎಂದು ಬೆಳಕಿಗೆ ಹಿಡಿದು ಹುಡುಕಿದಳು. ದಪ್ಪ ಪಟ್ಟಿಯ ಮೇಲಿದ್ದವನ್ನಂತೂ ಉಗುರಿನಿಂದ ಕೆದಕಿ ನೋಡಿದಳು.

ಊಟದ ಹೊತ್ತಿಗೆ ಓರಗಿತ್ತಿ ಬುತ್ತಿ ಹಿಡಿದು ಹತ್ತಿರ ಬಂದು ನಿಂತಳು. "ಅಕ್ಕಾ... ಸರಿ ಬಂದಿದೆಯಾ?"

ಇಲ್ಲವೆಂಬ ಸುಳ್ಳು ಕಾಜದಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೈಯಲ್ಲಿದ್ದ ಕಾಜ ತಾನೇ ಹಾಕಿದ ಕಾಜದ ಹಾಗಿತ್ತು.

"ಬಂದಿದೆ," ಅಂದಳು ಕಾಜದಕ್ಕ. ಬುತ್ತಿಗೆ ಕೈ ಚಾಚಲಿಲ್ಲ.